ಟಿವಿ ತಾರೀಖು ನೋಡಿ ಎಂದ ತಮ್ಮನಿಗೆ ಥ್ಯಾಂಕ್ಸ್

ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಪಕ್ಕದಲ್ಲೇ ಕೇಬಲ್ ಕೊಳ್ಳುತ್ತಿದ್ದ ಆ ತಮ್ಮನಿಗೆ ದೊಡ್ಡ ಥ್ಯಾಂಕ್ಸ್. ಹೆಸರು ಕೇಳುವಷ್ಟರಲ್ಲಿ ಹೊರಟೇ ಬಿಟ್ಟಿದ್ದರು.

ಕರೆಂಟ್ ಹೋಗಿ ಬಂದ ಮೇಲೆ ನಮ್ಮ ಆಂಡ್ರಾಯ್ಡ್ ಟಿವಿಯಲ್ಲಿ ಒಂದು ಆ್ಯಪ್ ಕೂಡ ತೆರೆಯುತ್ತಿರಲಿಲ್ಲ. ಅದೇ ವೈಫೈನಲ್ಲಿ ಮೊಬೈಲ್ ಆರಾಮಾಗಿ ಓಡುತ್ತಿತ್ತು. ಹೊಸ ಸ್ಟ್ರೀಮಿಂಗ್ ಸ್ಟಿಕ್ ಬೆಲೆ ವಿಚಾರಿಸುತ್ತಿದ್ದಾಗ ಅವರು, "ಸುಮ್ನೆ ದುಡ್ಡು ಯಾಕಕ್ಕಾ? ಮೊದಲು ಟಿವಿಯಲ್ಲಿ ತಾರೀಖು ನೋಡಿ" ಎಂದರು. ಅಂಗಡಿಯವರ ಮುಖ ಸ್ವಲ್ಪ ಸಪ್ಪಗಾಯಿತು, ಪಾಪ.

ಮನೆಗೆ ಬಂದು ನೋಡಿದರೆ 1970ರ ಜನವರಿ 1! ಆಂಡ್ರಾಯ್ಡ್ ಒಳಗಿನ ಗಡಿಯಾರ ಸೆಕೆಂಡುಗಳನ್ನು ಎಣಿಸಲು ಶುರು ಮಾಡುವುದೇ ಆ ದಿನದಿಂದ. ಸಮಯ ಮರೆತ ಟಿವಿ ಅಲ್ಲಿಗೇ ಹೋಗಿ ನಿಂತಿತ್ತು. ಆ್ಯಪ್ ತನ್ನ ಕಂಪನಿಯ ಸರ್ವರ್ ಜೊತೆ ಮಾತಾಡುವ ಮೊದಲು ಆ ಸರ್ವರ್‌ನ ಭದ್ರತಾ ಸರ್ಟಿಫಿಕೇಟ್, ಅಂದರೆ ಅದು ಅಸಲಿ ಎಂದು ತೋರಿಸುವ ಡಿಜಿಟಲ್ ಗುರುತಿನ ಚೀಟಿ, ನೋಡುತ್ತದೆ. ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. 1970ರಲ್ಲಿ ಕೂತ ಟಿವಿಗೆ ಇವತ್ತಿನ ಸರ್ಟಿಫಿಕೇಟ್ ಇನ್ನೂ ಶುರುವೇ ಆಗಿಲ್ಲ, ಅಲ್ವಾ? ನಂಬದೆ ಸಂಪರ್ಕ ಕಡಿದುಬಿಡುತ್ತದೆ. ತೆರೆಯ ಮೇಲೆ ಮಾತ್ರ "ಇಂಟರ್ನೆಟ್ ಇಲ್ಲ" ಎಂಬ ದಾರಿ ತಪ್ಪಿಸುವ ಮಾತು.

ಸೆಟ್ಟಿಂಗ್ಸ್‌ನಲ್ಲಿ ತಾರೀಖು, ಸಮಯ, ಟೈಮ್ ಝೋನ್ ಸರಿ ಮಾಡಿದೆ. ನೆಟ್‌ವರ್ಕ್‌ನಿಂದಲೇ ಸಮಯ ತೆಗೆದುಕೊಳ್ಳುವ ಆಯ್ಕೆಯನ್ನೂ ಆನ್ ಮಾಡಿದೆ. ಎಲ್ಲ ಆ್ಯಪ್‌ಗಳೂ ತೆರೆದವು.

ಹೋಗುವಾಗ ಅವರು ಇನ್ನೊಂದು ಮಾತು ಹೇಳಿದ್ದರು. ಒಂದೇ ಆ್ಯಪ್ ಕೆಟ್ಟರೆ ಮೊದಲು ಅದರ ಕ್ಯಾಶೆ (ಆ್ಯಪ್ ತಾತ್ಕಾಲಿಕವಾಗಿ ಉಳಿಸಿಟ್ಟುಕೊಂಡ ಫೈಲ್‌ಗಳು) ಮಾತ್ರ ಅಳಿಸಿ. ಡೇಟಾ ಅಳಿಸಿದರೆ ಮತ್ತೆ ಲಾಗಿನ್ ಆಗಬೇಕು. ರಿಮೋಟ್ ಹಿಡಿದು ಒಂದೊಂದೇ ಅಕ್ಷರ ಒತ್ತುವ ಕಷ್ಟ ಗೊತ್ತಲ್ಲ! ಅದನ್ನು ತಪ್ಪಿಸಿದ್ದಕ್ಕೆ ಇನ್ನೊಂದು ಥ್ಯಾಂಕ್ಸ್, ತಮ್ಮಾ.