ಕಾಂಕ್ರೀಟಿನ ಹತ್ತಿರವೇ ಇರು

ದೋಸ್ತ,

ನಿನ್ನೆ ನೀನು ಫೋನಿಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. "ಹನ್ನೊಂದು ವರ್ಷ ಸೈಟ್ ನೋಡಿದವನು ನಾನು ಅನ್ನೋದೇ ಮರೆತು ಹೋಗ್ತಿದೆ" ಅಂದೆಯಲ್ಲ, ಆ ಮಾತು ಕಿವಿಯಲ್ಲೇ ಉಳಿಯಿತು. ಫೋನಿನಲ್ಲಿ ನಾನು ಹೇಳಿದ್ದು ಬರೀ ಸಮಾಧಾನದ ಮಾತು. ಅದು ಸಾಲದು ಅನ್ನಿಸಿ ಬರೆಯುತ್ತಿದ್ದೇನೆ. ನಿನ್ನಂತೆ ಊರಲ್ಲಿ ಸಿವಿಲ್ ಇಂಜಿನಿಯರ್ ಆಗಿದ್ದು, ಕೆನಡಾಕ್ಕೆ ಬಂದು ಗೋದಾಮಿನಲ್ಲಿ ದುಡಿಯುತ್ತಿರುವ ಬೇರೆಯವರಿಗೂ ಆಗಲಿ ಅಂತ, ನಿನ್ನ ಹೆಸರು ಬಿಟ್ಟು, ಎಲ್ಲರೂ ಓದುವ ಹಾಗೆ.

ನಾನು ಟೊರೊಂಟೊಗೆ ಬಂದಿದ್ದು 2017ರಲ್ಲಿ. ನಮ್ಮ ಬಿ.ಇ. ಇಲ್ಲಿನ ಡಿಗ್ರಿಗೆ ಸಮ ಅಂತ ಕಾಗದ ಮೊದಲೇ ಕೈಯಲ್ಲಿತ್ತು. ಪಿ.ಆರ್.ಗೆ, ಅಂದರೆ ಇಲ್ಲಿ ಕಾಯಂ ಆಗಿ ನೆಲೆಸುವ ಪರವಾನಗಿಗೆ, ಅದು ಸಾಕಾಯಿತು, ಕೆಲಸಕ್ಕೆ ಸಾಕಾಗಲಿಲ್ಲ. ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಲೈಸೆನ್ಸ್ ಇಲ್ಲದೆ ಇಂಜಿನಿಯರ್ ಅಂತ ಹೇಳಿಕೊಳ್ಳುವ ಹಾಗೇ ಇಲ್ಲ. ಆಗ ಲೈಸೆನ್ಸಿಗೆ ಕೆನಡಾದ ಅನುಭವ ಬೇಕಿತ್ತು. ಅನುಭವಕ್ಕೆ ಕೆಲಸ ಬೇಕಿತ್ತು. ಕೆಲಸ ಕೇಳಿದರೆ, ಕೆನಡಾದ ಅನುಭವ ಇದೆಯಾ ಅಂತಿದ್ದರು. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಅಂತ ಅವ್ವ ಅನ್ನುತ್ತಿದ್ದಳಲ್ಲ, ಹಾಗೆ. ಹತ್ತು ತಿಂಗಳು ನಾನೂ ಗೋದಾಮಿನಲ್ಲಿ ಡಬ್ಬ ಎತ್ತಿದೆ.

ಆಮೇಲೆ ಒಂದು ಟೆಸ್ಟಿಂಗ್ ಲ್ಯಾಬಿನಲ್ಲಿ ಟೆಕ್ನಿಷಿಯನ್ ಕೆಲಸ ಸಿಕ್ಕಿತು. ಸಂಬಳ ಗೋದಾಮಿಗಿಂತ ಜಾಸ್ತಿ ಏನಿರಲಿಲ್ಲ. ಮೊದಲ ದಿನ ಮಿಸ್ಸಿಸಾಗಾದ ಒಂದು ಸೈಟಿಗೆ ಕಳಿಸಿದರು. ಮಿಕ್ಸರ್ ಲಾರಿ ಬಂತು. ಜೊತೆಗಿದ್ದ ಹುಡುಗ ವ್ಯಾನಿನಿಂದ ಸ್ಲಂಪ್ ಕೋನ್ ಇಳಿಸಿದ, ಹಸಿ ಕಾಂಕ್ರೀಟು ಎಷ್ಟು ಕುಸಿಯುತ್ತದೆ ಅಂತ ನೋಡುವ ಅಚ್ಚು. 300 ಮಿ.ಮೀ. ಎತ್ತರ, ಕೆಳಗೆ 200, ಮೇಲೆ 100. ದುಂಡು ತುದಿಯ ಅದೇ 16 ಮಿ.ಮೀ. ಸರಳು. ಮೂರು ಪದರ, ಪದರಕ್ಕೆ 25 ಸಲ ಕುಟ್ಟಬೇಕು. ಹುಬ್ಬಳ್ಳಿಯ ಲ್ಯಾಬಿನಲ್ಲಿ ನಾನು ಕುಟ್ಟುತ್ತಿದ್ದೆ, ನೀನು ಎಣಿಸುತ್ತಿದ್ದೆ, ನೆನಪಿದೆಯಾ? ಆ ದಿನ ಕೈಗವಸು ಹಾಕಿಕೊಂಡು ಕುಟ್ಟಿದೆ. ಎಣಿಕೆ ಕನ್ನಡದಲ್ಲೇ ಬಂತು. ಕೋನನ್ನು ನೆಟ್ಟಗೆ ಮೇಲಕ್ಕೆ ಎತ್ತಿದಾಗ ಕಾಂಕ್ರೀಟು ಮೆಲ್ಲಗೆ ಕುಸಿದು ನಿಂತಿತು. ಅಳೆಯುವ ಮೊದಲೇ, 80 ಮಿ.ಮೀ. ಕುಸಿದಿದೆ ಅಂದೆ. 80ಕ್ಕೇ ಬಂತು. ಆ ಹುಡುಗ ನನ್ನ ಮುಖ ನೋಡಿದ. ಅಷ್ಟು ತಿಂಗಳಲ್ಲಿ ಮೊದಲ ಸಲ ನನಗೆ ನಾನು ಸಿಕ್ಕ ಹಾಗಾಯಿತು.

ಬೇರೆ ಎಷ್ಟೋ ಹೊಸದಾಗಿ ಕಲಿತೆ. ಗಟ್ಟಿಯಾದ ಕಾಂಕ್ರೀಟಿನ ಬಲ ಪರೀಕ್ಷಿಸಲು ಇಲ್ಲಿ ಕ್ಯೂಬ್ ಇಲ್ಲ, ಸಿಲಿಂಡರ್. ಕ್ಯೂಬಿನಲ್ಲಿ 30 ಮೆಗಾಪಾಸ್ಕಲ್ ಬಲ ಬರುವ ಕಾಂಕ್ರೀಟು ಸಿಲಿಂಡರಿನಲ್ಲಿ ಹೆಚ್ಚುಕಡಿಮೆ 24 ಬರುತ್ತದೆ. ನಾವು ವೈಬ್ರೇಟರ್ ಹಾಕಿ ಗಾಳಿ ಓಡಿಸುತ್ತಿದ್ದೆವು. ಇಲ್ಲಿ ಬಯಲಲ್ಲಿ ನಿಲ್ಲುವ ಕಾಂಕ್ರೀಟಿಗೆ ಬೇಕಂತಲೇ ಶೇ. 5ರಿಂದ 8ರಷ್ಟು ಗಾಳಿ ಸೇರಿಸುತ್ತಾರೆ. ನೀರು ಹೆಪ್ಪುಗಟ್ಟಿದರೆ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಅದಕ್ಕೆ ಒಳಗೇ ಜಾಗ ಬೇಕು. ಇಲ್ಲದಿದ್ದರೆ ಕಾಂಕ್ರೀಟು ಪದರ ಪದರವಾಗಿ ಏಳುತ್ತದೆ. ಪಾಯವನ್ನೂ 1.2 ಮೀಟರ್ ಕೆಳಗೆ ಇಳಿಸುತ್ತಾರೆ, ಹಿಮದಿಂದ ನೆಲ ಉಬ್ಬುತ್ತದೆ ಅಂತ. ನವಲಗುಂದದ ಎರೆ ಮಣ್ಣಿನಲ್ಲಿ ಪಾಯ ಹಾಕಿಸಿದವನು ನೀನು. ಅಲ್ಲಿ ಮಳೆಗೆ ಉಬ್ಬುತ್ತದೆ, ಇಲ್ಲಿ ಚಳಿಗೆ. ಉಬ್ಬುವ ನೆಲಕ್ಕೆ ಹೆದರಬೇಕು ಅಂತ ನಿನಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ.

ಕಷ್ಟ ಇರಲಿಲ್ಲ ಅಂತ ಹೇಳುವುದಿಲ್ಲ. ನನ್ನ ಮೇಲಿನವನು ನನಗಿಂತ ಹತ್ತು ವರ್ಷ ಚಿಕ್ಕವನು. ಸಿಲಿಂಡರ್ ಹೊತ್ತು ಬೆನ್ನು ಹಿಡಿಯುತ್ತಿತ್ತು. ಊರಿಗೆ ಫೋನ್ ಮಾಡಿದಾಗ ಏನು ಕೆಲಸ ಅಂತ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ಎರಡು ವರ್ಷಕ್ಕೆ ಅದೇ ಕಂಪನಿಯವರು ಡಿಸೈನ್ ವಿಭಾಗಕ್ಕೆ ಕರೆದರು. ಲೈಸೆನ್ಸ್ 2022ರಲ್ಲಿ ಬಂತು.

ಕಾನೂನು ಮತ್ತು ವೃತ್ತಿನೀತಿಯ ಪರೀಕ್ಷೆಗೆ ಓದುವಾಗ ಕ್ವಿಬೆಕ್ ಸೇತುವೆಯ ಕಥೆ ಓದಿದೆ. 1907ರ ಆಗಸ್ಟ್ 29ರಂದು, ಕಟ್ಟುತ್ತಿರುವಾಗಲೇ ಕುಸಿದು 75 ಕೆಲಸಗಾರರು ಸತ್ತರು. ಸೇತುವೆಯ ಸ್ವಂತ ಭಾರವನ್ನೇ ಲೆಕ್ಕದಲ್ಲಿ ಕಡಿಮೆ ಹಿಡಿದಿದ್ದರು. ಅದನ್ನು ಓದಿದ ಮೇಲೆ ಲೈಸೆನ್ಸಿನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಅನುಭವ ಕೇಳಿದ್ದಕ್ಕೆ ನನ್ನ ತಕರಾರಿಲ್ಲ. ಅದು ಇಲ್ಲಿಯದೇ ಆಗಿರಬೇಕು ಅಂದದ್ದು ಮಾತ್ರ ಅನ್ಯಾಯ. ಆ ಅನ್ಯಾಯ ಈಗ ಇಲ್ಲ, ಇದನ್ನು ಗಮನವಿಟ್ಟು ಓದು. ನನ್ನ ಕಾಲದಲ್ಲಿ 48 ತಿಂಗಳ ಅನುಭವದಲ್ಲಿ 12 ತಿಂಗಳು ಕೆನಡಾದ್ದೇ ಇರಬೇಕಿತ್ತು. 2023ರ ಮೇ ತಿಂಗಳಲ್ಲಿ ಒಂಟಾರಿಯೊ ಆ ನಿಯಮ ತೆಗೆದುಹಾಕಿತು. ನಿನ್ನ ಹನ್ನೊಂದು ವರ್ಷಕ್ಕೆ ಈಗ ಬೆಲೆ ಇದೆ. ಆದರೆ ಅದನ್ನು ನೀನೇ ಬರೆದು ತೋರಿಸಬೇಕು: ಯಾವ ಸೇತುವೆ, ಯಾವ ಲೆಕ್ಕ, ಯಾವ ತೀರ್ಮಾನ ನಿನ್ನದು. ಹೌದು ಅಂತ ಹೇಳುವವರೂ ಬೇಕು. ನಿನ್ನ ಹಳೆಯ ಸಾಹೇಬರಿಗೆ ಈ ವಾರವೇ ಫೋನ್ ಮಾಡು. ಅವರು ರಿಟೈರ್ ಆಗಿ ಊರು ಬದಲಿಸಿದರೆ ಹುಡುಕುವುದು ಕಷ್ಟ.

ಗೋದಾಮು ಇವತ್ತೇ ಬಿಡು ಅಂತ ಹೇಳುತ್ತಿಲ್ಲ. ಬಾಡಿಗೆ ಕಟ್ಟಬೇಕು, ಮಗಳ ಸ್ಕೂಲಿದೆ, ನನಗೆ ಗೊತ್ತು. ಆದರೆ ಮುಂದಿನ ಕೆಲಸ ಎಷ್ಟೇ ಚಿಕ್ಕದಿರಲಿ, ಮಣ್ಣು, ಸರಳು, ಕಾಂಕ್ರೀಟು ಕಣ್ಣಿಗೆ ಬೀಳುವ ಕಡೆ ಹುಡುಕು. ನಮ್ಮ ಲ್ಯಾಬಿನಲ್ಲಿ ಬೇಸಿಗೆಗೆ ಜನ ಬೇಕಾಗುತ್ತಾರೆ. ನಾನು ಕೇಳಿದ್ದೇನೆ, ರೆಸ್ಯೂಮೆ ಕಳಿಸು ಅಂದಿದ್ದಾರೆ.

ಶನಿವಾರ ನಿನಗೆ ಪಾಳಿ ಇಲ್ಲ ಅಲ್ವಾ? ಬ್ರಾಂಪ್ಟನ್‌ಗೆ ನಾನೇ ಬರುತ್ತೇನೆ. ಸೈಟ್ ಡೈರಿಗಳನ್ನು ತಂದಿದ್ದೀಯಾ ಅಂತ ಸೂಟ್‌ಕೇಸಿನಲ್ಲಿ ನೋಡು. ಕೂತು ಬರೆಯೋಣ. ಜೋಳದ ಹಿಟ್ಟು ತರುತ್ತೇನೆ ಅಂತ ವೈನಿಗೆ ಹೇಳು. ನಿನ್ನ ಕಾಲಿನ ಅಳತೆಯನ್ನೂ ಮೆಸೇಜ್ ಮಾಡು, ನನ್ನ ಹತ್ತಿರ ಒಂದು ಜೊತೆ ಹೊಸ ಸೇಫ್ಟಿ ಬೂಟು ಇದೆ.

ನಿನ್ನ,
ಎಣಿಕೆ ತಪ್ಪಿದಾಗ ನೀನು ಬೈಯುತ್ತಿದ್ದ ಗೆಳೆಯ