ಫ್ಲೋ ಮೀಟರ್ ಪಲ್ಸ್ ಜೋಡಿಸುವ ಮುಂಚೆ ಇದನ್ನೊಮ್ಮೆ ಓದಿ
ಎಲ್ಲರಿಗೂ ನಮಸ್ಕಾರ. ಫ್ಲೋ ಮೀಟರ್ (ಹರಿವು ಅಳೆದು ಪಲ್ಸ್ ಕೊಡುವ ಮೀಟರ್) ಇಂದ ಪಿಎಲ್‌ಸಿಗೆ (ಯಂತ್ರ ನಡೆಸುವ ಕಂಟ್ರೋಲರ್) ವೈರ್ ಹಾಕುವ ಮುಂಚೆ ಮೀಟರ್ ಔಟ್‌ಪುಟ್ ಯಾವ ಬಗೆಯದು ಅಂತ ದಯವಿಟ್ಟು ನೋಡಿಕೊಳ್ಳಿ. ಎನ್‌ಪಿಎನ್ ಓಪನ್ ಕಲೆಕ್ಟರ್ (ಒಂದು ಬಗೆಯ ಟ್ರಾನ್ಸಿಸ್ಟರ್ ಔಟ್‌ಪುಟ್) ಆಗಿದ್ದರೆ ಅದು ತಾನಾಗಿ ವೋಲ್ಟೇಜ್ ಕೊಡುವುದಿಲ್ಲ, ಸ್ವಿಚ್ಚಿನ ಹಾಗೆ ಲೈನನ್ನು ಮೈನಸ್‌ಗೆ ಎಳೆಯುತ್ತದೆ ಅಷ್ಟೇ. ಪಿಎಲ್‌ಸಿ ಇನ್‌ಪುಟ್ ಕಾಮನ್ (ಇನ್‌ಪುಟ್‌ಗಳಿಗೆಲ್ಲ ಸೇರಿದ ಟರ್ಮಿನಲ್) ಅನ್ನು ಪ್ಲಸ್ 24 ವೋಲ್ಟ್‌ಗೆ ಕೊಡಲು ಆಗುವುದಾದರೆ ಕೆಲಸ ಸಲೀಸು. ಕಾಮನ್ ಮೈನಸ್‌ನಲ್ಲೇ ಇರಬೇಕು ಅಂದರೆ ಪ್ಲಸ್‌ಗೂ ಸಿಗ್ನಲ್‌ಗೂ ನಡುವೆ 2.2 ಕಿಲೋ ಓಮ್, ಅರ್ಧ ವ್ಯಾಟ್ ರೆಸಿಸ್ಟರ್ ಹಾಕಿ, ಆದರೆ ಮೀಟರ್ ಔಟ್‌ಪುಟ್ ಸುಮಾರು 11 ಮಿಲಿಆಂಪ್ ತಡೆಯುತ್ತಾ ಅಂತ ಮೊದಲು ನೋಡಿ. ಹೀಗೆ ರೆಸಿಸ್ಟರ್ ಹಾಕಿದರೆ ಸಿಗ್ನಲ್ ಉಲ್ಟಾ ಆಗುತ್ತದೆ, ಎಣಿಕೆಗೆ ತೊಂದರೆ ಇಲ್ಲ. ಮೀಟರ್‌ಗೆ ಬೇರೆ ಸಪ್ಲೈ ಇದ್ದರೆ ಎರಡರ ಮೈನಸ್ ಸೇರಿಸಲು ಮರೆಯಬೇಡಿ.

ಜಾಸ್ತಿ ಜನ ಎಡವುವುದು ವೇಗದಲ್ಲಿ. ಲೀಟರಿಗೆ 450 ಪಲ್ಸ್ ಕೊಡುವ ಮೀಟರಲ್ಲಿ ನಿಮಿಷಕ್ಕೆ 100 ಲೀಟರ್ ಹರಿದರೆ 750 ಹರ್ಟ್ಜ್, ಅಂದರೆ ಸೆಕೆಂಡಿಗೆ 750 ಪಲ್ಸ್ ಆಯ್ತಲ್ವಾ? ಸ್ಕ್ಯಾನ್ (ಪಿಎಲ್‌ಸಿ ಪ್ರೋಗ್ರಾಂ ಒಂದು ಸುತ್ತು ಮುಗಿಸುವ ಸಮಯ) 10 ಮಿಲಿಸೆಕೆಂಡ್ ಇದ್ದರೆ ಸಾಮಾನ್ಯ ಇನ್‌ಪುಟ್ 50 ಹರ್ಟ್ಜ್ ದಾಟಿದ ಮೇಲೆ ಪಲ್ಸ್ ಬಿಡುತ್ತದೆ, ಟೋಟಲ್ ಕಡಿಮೆ ತೋರಿಸುತ್ತದೆ, ನಾವು ಸುಮ್ನೆ ಮೀಟರನ್ನು ಬೈಯುತ್ತೇವೆ. ಸ್ಕ್ಯಾನಿಗೆ ಕಾಯದೆ ಎಣಿಸುವ ಹೈ ಸ್ಪೀಡ್ ಕೌಂಟರ್ ಇನ್‌ಪುಟ್ಟೇ ಬಳಸಿ, ಅದರ ಫಿಲ್ಟರ್ ಟೈಮನ್ನೂ (ಇದಕ್ಕಿಂತ ಚಿಕ್ಕ ಪಲ್ಸನ್ನು ಇನ್‌ಪುಟ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ) ಇಳಿಸಿ. ರೀಡ್ ಸ್ವಿಚ್ (ಅಯಸ್ಕಾಂತದಿಂದ ಕೂಡಿ ಬಿಡುವ ಸ್ವಿಚ್) ಮೀಟರ್ ಮಾತ್ರ ಬೇರೆ ಕಥೆ, ಅದಕ್ಕೆ ಫಿಲ್ಟರ್ ಬೇಕು, ಇಲ್ಲದಿದ್ದರೆ ಕಾಂಟ್ಯಾಕ್ಟ್ ಅದುರಿ ಒಂದು ಪಲ್ಸ್ ಎರಡು ಮೂರಾಗಿ ಎಣಿಕೆಯಾಗುತ್ತದೆ.