ಸುಣ್ಣದ ನೀರಿಗೆ ತುತ್ತದ ನೀರು

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ನೀನೂ ಹಾಸ್ಟೆಲ್ ಊಟವನ್ನು ಬೈದುಕೊಂಡು ಕ್ಷೇಮವಾಗಿದ್ದೀಯ ಅಂದುಕೊಂಡಿದ್ದೇನೆ. ತೀರ್ಥಹಳ್ಳಿಯಲ್ಲಿ ಮಳೆ ಇನ್ನೂ ಬಿಟ್ಟಿಲ್ಲ. ನವರಾತ್ರಿ ಹತ್ತಿರ ಬಂತು, ಕೊಡೆ ಮಾತ್ರ ಜಗಲಿಯಿಂದ ಒಳಗೆ ಹೋಗಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು 'ಹ್ಞೂಂ ದೊಡ್ಡಮ್ಮ, ಆಯ್ತು ದೊಡ್ಡಮ್ಮ' ಅಂದು ಮುಗಿಸಿಬಿಡುತ್ತೀಯ. ಕಾಗದವಾದರೆ ಎರಡು ಸಲವಾದರೂ ಓದುತ್ತೀಯ.

ಕಂಪ್ಯೂಟರ್ ಕ್ಲಾಸಿನ ಬಗ್ಗೆ ನೀನು ಕಳಿಸಿದ್ದ ಉದ್ದದ ಮೆಸೇಜನ್ನು ನಾನು ನಾಲ್ಕು ಸಲ ಓದಿದೆ. ಮೊದಲ ಸಲ ಕನ್ನಡಕ ಇಲ್ಲದೆ, ಅದು ಲೆಕ್ಕಕ್ಕಿಲ್ಲ.

ಅದರಲ್ಲಿ ನನಗೆ ತುಂಬ ಇಷ್ಟವಾಗಿದ್ದು 18ರ ಕತೆ. ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲಿನ ಪಾಠ ಆದ ದಿನ ನೀನು ಸುಮ್ನೆ ಕುತೂಹಲಕ್ಕೆ ನಿನ್ನ ಹೆಸರನ್ನು ಕನ್ನಡದಲ್ಲಿ ಹಾಕಿ ಉದ್ದ ಎಷ್ಟು ಅಂತ ಕೇಳಿದೆಯಂತೆ. ಇಂಗ್ಲಿಷಿನಲ್ಲಿ ಐದಕ್ಷರ ಬರೆದಾಗ 5 ಅಂದ ಕಂಪ್ಯೂಟರು, 'ಪುಟ್ಟಿ' ಅಂದರೆ 18 ಅಂದಿತಂತೆ! ನಮಗೆ ಕಾಣುವುದು ಎರಡೇ ಅಕ್ಷರ. ನೀನು ಬಿಡದೆ ಕೂತು ಬಿಡಿಸಿದೆ: ಪ, ಅದರ ಕೊಂಬು, ಟ, ಒತ್ತು ಬರಿಸುವ ಗುರುತು, ಇನ್ನೊಂದು ಟ, ಅದರ ಗುಡಿಸು. ಒಟ್ಟು ಆರು. ಒಂದೊಂದಕ್ಕೂ ಮೂರು ಬೈಟ್, ಅಂದರೆ ಕಂಪ್ಯೂಟರಿನ ನೆನಪಿನಲ್ಲಿ ಮೂರು ಮನೆ ಜಾಗ. ಮೂರಾರ್ಲೆ ಹದಿನೆಂಟು. ಇದನ್ನು ಓದಿ ನಾನು ದೊಡ್ಡಪ್ಪನಿಗೂ ಓದಿ ಹೇಳಿದೆ. ನಾವು ಒಂದನೇ ಕ್ಲಾಸಿನಲ್ಲಿ 'ಪ ಕೊಂಬು ಪು' ಅಂತ ರಾಗವಾಗಿ ಹೇಳುತ್ತಿದ್ದೆವಲ್ಲ, ಕಂಪ್ಯೂಟರೂ ಹಾಗೇ ಬಿಡಿಸಿ ಇಟ್ಟುಕೊಳ್ಳುತ್ತದೆ ಅಂದಾಯಿತು. ಯಾರೂ ಕೇಳದ, ಪರೀಕ್ಷೆಗೆ ಬಾರದ ಪ್ರಶ್ನೆ ಅದು. ಉತ್ತರ ವಿಚಿತ್ರ ಅನ್ನಿಸಿದ್ದಕ್ಕೇ ನೀನು ಅದರ ಹಿಂದೆ ಬಿದ್ದೆ.

ಅದೇ ಹುಡುಗಿ ನಾಲ್ಕು ಸಾಲು ಕೆಳಗೆ 'ಈ ವಿಷಯ ನನಗೆ ಆಗಿಬರಲ್ಲ ದೊಡ್ಡಮ್ಮ' ಅಂತ ಬರೆದಿದ್ದಾಳೆ. ಅದಕ್ಕೇ ಈ ಕಾಗದ.

ಮಗ್ಗಿಯ ಪ್ರೋಗ್ರಾಂ ವಿಷಯಕ್ಕೆ ಬರುತ್ತೇನೆ. ಏಳರ ಮಗ್ಗಿ ಹತ್ತು ಸಾಲು ಬರಬೇಕಿತ್ತು. ಬಂದಿದ್ದು ಒಂದೇ ಸಾಲು: '7 × 11 = 77'. ಎರಡು ಗಂಟೆ ಒದ್ದಾಡಿದೆ. ಲ್ಯಾಬ್ ಮುಗಿಯುವ ಹೊತ್ತಾಯಿತು. ಪಕ್ಕದವಳ ಪ್ರೋಗ್ರಾಮನ್ನು ಹಾಗೇ ಇಳಿಸಿಕೊಂಡೆ. ರೆಕಾರ್ಡಿಗೆ ಸಹಿ ಬಿತ್ತು. ಮುಂದಿನ ವಾರ ವೈವಾದಲ್ಲಿ, ಅಂದರೆ ಬಾಯಿಪರೀಕ್ಷೆಯಲ್ಲಿ, ಮೇಷ್ಟ್ರು 'ಈ ಲೂಪ್ ನಿಂತ ಮೇಲೆ ಐ ಬೆಲೆ ಎಷ್ಟಿರುತ್ತೆ' ಅಂದಾಗ ಬಾಯಿಂದ ಮಾತೇ ಹೊರಡಲಿಲ್ಲ. (ಲೂಪ್ ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು, ಐ ಅಂದರೆ ಅದರ ಎಣಿಕೆ, ಅಷ್ಟು ನನಗೂ ಗೊತ್ತಾಯಿತು.) ಆಮೇಲೆ ಆ ಗೆಳತಿಯೇ ಹೇಳಿದಳು, ನೀನು ಲೂಪ್ ಶುರುವಾಗುವ ಫಾರ್ ಸಾಲಿನ ಕೊನೆಗೆ ಒಂದು ಸೆಮಿಕೋಲನ್ ಹಾಕಿದ್ದೆ ಅಂತ.

ಪುಟ್ಟಿ, ನಾನು ಸಿ ಭಾಷೆ ಕಲಿತವಳಲ್ಲ. ಆದರೆ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತ ಕಣ್ಣಿಗೆ ಆ 11 ಚುಚ್ಚಿತು. ಹತ್ತರವರೆಗೆ ಅಂತ ಹೇಳಿದ ಲೆಕ್ಕದಲ್ಲಿ ಹನ್ನೊಂದು ಎಲ್ಲಿಂದ ಬಂತು? ಅಂದರೆ ಎಣಿಕೆ ಪೂರ್ತಿ ನಡೆದಿದೆ. ಒಂದರಿಂದ ಹತ್ತರವರೆಗೂ ಓಡಿದೆ, ಹನ್ನೊಂದಾದ ಮೇಲೆ ನಿಂತಿದೆ, ಆಮೇಲೆ ಒಂದೇ ಸಲ ಬರೆದಿದೆ. ಆ ಸೆಮಿಕೋಲನ್‌ನಿಂದಾಗಿ ಲೂಪಿನ ಕೆಲಸ ಅಲ್ಲೇ ಮುಗಿದುಹೋಗಿದೆ. ಹತ್ತು ಸಲ ಏನೂ ಮಾಡಬೇಡ ಅಂತ ನೀನೇ ಹೇಳಿದ್ದೆ, ಅದು ವಿಧೇಯವಾಗಿ ಏನೂ ಮಾಡಲಿಲ್ಲ. ಮೇಷ್ಟ್ರು ಕೇಳಿದ ಪ್ರಶ್ನೆಗೆ ಉತ್ತರ ನಿನ್ನ ತಪ್ಪು ಸಾಲಿನಲ್ಲೇ ಅಚ್ಚಾಗಿತ್ತು, ಅಲ್ವಾ? ನೀನು ಅದನ್ನು ಅಳಿಸಿ ಗೆಳತಿಯ ಸರಿಯಾದದ್ದನ್ನು ಇಟ್ಟುಕೊಂಡೆ.

ನಿನಗೆ ಬೈಯುವ ಯೋಗ್ಯತೆ ನನಗಿಲ್ಲ. ಯಾಕೆ ಅಂತ ಕೇಳು. ಇದನ್ನು ನಿನ್ನಮ್ಮನಿಗೂ ಹೇಳಿಲ್ಲ.

1986. ಬ್ಯಾಂಕಿಗೆ ಸೇರಿ ಆರು ತಿಂಗಳಾಗಿತ್ತು. ಒಂದು ಸಂತೆ ದಿನ ಸಂಜೆ ಕ್ಯಾಶ್ ಎಣಿಸಿದರೆ ಪುಸ್ತಕದ ಲೆಕ್ಕಕ್ಕಿಂತ 90 ರೂಪಾಯಿ ಕಡಿಮೆ. ಮೂರು ಸಲ ಎಣಿಸಿದೆ. ಅದೇ 90. ಊರಿಗೆ ಕೊನೆಯ ಬಸ್ಸು ಹೊರಡುವ ಹೊತ್ತು, ಹೊರಗೆ ಜಡಿಮಳೆ. ನಾನು ಬ್ಯಾಗಿನಿಂದ ನನ್ನ ದುಡ್ಡು 90 ತೆಗೆದು ಡ್ರಾಯರಿಗೆ ಹಾಕಿ, ಟ್ಯಾಲಿ ಆಯ್ತು ಸಾರ್ ಅಂದೆ. ಆಗಿನ ಕಾಲಕ್ಕೆ 90 ಸಣ್ಣ ದುಡ್ಡಲ್ಲ. ಆದರೂ ಬಸ್ಸಿನಲ್ಲಿ ಒಂಥರಾ ಹಗುರವಾಗಿತ್ತು.

ನಮ್ಮ ಅಕೌಂಟೆಂಟರು ನಾನು ಬ್ಯಾಗಿಗೆ ಕೈ ಹಾಕಿದ್ದನ್ನು ನೋಡಿದ್ದರು. ಮಾರನೇ ದಿನ ಬೆಳಿಗ್ಗೆ ಕರೆದು ಕೇಳಿದ್ದು ಒಂದೇ: 'ದುಡ್ಡು ಹಾಕಿದಿರಿ, ಸರಿ. ತಪ್ಪು ಎಲ್ಲಿ ಹೋಯಿತಮ್ಮಾ?' ನಾನು ಸುಮ್ಮನೆ ನಿಂತೆ. ಅವರು ಹೇಳಿದರು, 'ತೊಂಬತ್ತು. ಒಂಬತ್ತರಿಂದ ಭಾಗ ಹೋಗುತ್ತೆ. ಅಂಕಿ ತಿರುಗುಮುರುಗಾಗಿದೆ, ಹುಡುಕಿ.' ವೋಚರ್ ಕಟ್ಟು ಬಿಚ್ಚಿ ಪುಸ್ತಕದ ಜೊತೆ ಒಂದೊಂದಾಗಿ ತಾಳೆ ನೋಡಿದೆ. ಹತ್ತು ನಿಮಿಷಕ್ಕೆ ಸಿಕ್ಕಿತು. 540 ಕೊಟ್ಟಿದ್ದೆ, ಪುಸ್ತಕದಲ್ಲಿ 450 ಬರೆದಿದ್ದೆ. ನನ್ನ 90 ನನಗೆ ವಾಪಸ್ ಬಂತು.

ನೀನು ಗಣಿತ ಚೆನ್ನಾಗಿ ಬಲ್ಲವಳು, ಮಾಡಿ ನೋಡು. 63 ಬದಲು 36 ಬರೆದರೆ ವ್ಯತ್ಯಾಸ 27. 82 ಬದಲು 28 ಬರೆದರೆ 54. ಪಕ್ಕಪಕ್ಕದ ಎರಡು ಅಂಕಿ ಅದಲು ಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಇರುತ್ತದೆ. ಜಮೆಯನ್ನು ಖರ್ಚಿನ ಕಡೆ ಬರೆದುಬಿಟ್ಟಿದ್ದರೆ ವ್ಯತ್ಯಾಸ ಆ ಮೊತ್ತದ ಎರಡರಷ್ಟು. ಹಾಗಾಗಿ ವ್ಯತ್ಯಾಸದ ಅರ್ಧ ಮಾಡಿ, ಅಷ್ಟೇ ಮೊತ್ತದ ವೋಚರ್ ಇದೆಯಾ ಅಂತ ಹುಡುಕುತ್ತಿದ್ದೆವು. ಮುಂದೆ ಎಷ್ಟೋ ವರ್ಷ ಈ ಎರಡು ಉಪಾಯ ನನ್ನನ್ನು ಕಾಪಾಡಿದವು. ಅಕೌಂಟೆಂಟರು ನೋಡದೆ, ಆ ಸಂಜೆ ನಾನು ಹಾಕಿದ 90ಕ್ಕೇ ವಿಷಯ ಮುಗಿದುಹೋಗಿದ್ದರೆ ಎರಡೂ ನನಗೆ ದಕ್ಕುತ್ತಿರಲಿಲ್ಲ. ನೀನು ಇಳಿಸಿಕೊಂಡ ಆ ಪ್ರೋಗ್ರಾಂ ನನ್ನ 90 ರೂಪಾಯಿ ಇದ್ದ ಹಾಗೆ ಕಣೇ.

ಈಗ ಅಡಿಕೆ ತೋಟದ ಸುದ್ದಿ. ಮೊನ್ನೆ ಮಳೆ ಸ್ವಲ್ಪ ಹೊಳವಾಗಿತ್ತು ಅಂತ ಕೊಳೆ ರೋಗದ ಔಷಧಿ ಹೊಡೆಸಿದೆವು. ಈ ಸಲ ಜಾಸ್ತಿ ಕಾಯಿ ಉದುರಿದೆ. ಕಲಸುವುದಕ್ಕೆ ಹೊಸ ಹುಡುಗನೊಬ್ಬ ಬಂದಿದ್ದ. ದೊಡ್ಡಪ್ಪ ಅವನಿಗೆ ಹೇಳಿದ್ದು ಇಷ್ಟೇ: ಒಂದು ಕೆಜಿ ಮೈಲುತುತ್ತ (ತಾಮ್ರದ ಆ ನೀಲಿ ಹರಳು), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮಾತು ಪೂರ್ತಿ ಸರಿ. ಅವನು ಎರಡನ್ನೂ ಐವತ್ತೈವತ್ತು ಲೀಟರಿನಲ್ಲಿ ಬೇರೆ ಬೇರೆ ಕರಗಿಸಿದ, ಅದೂ ಸರಿ. ಆಮೇಲೆ ತುತ್ತದ ಡ್ರಮ್ಮಿಗೆ ಸುಣ್ಣದ ನೀರು ಸುರಿದುಬಿಟ್ಟ. ಸುರಿಯಬೇಕಾದ್ದು ಸುಣ್ಣದ ನೀರಿಗೆ ತುತ್ತದ ನೀರು, ನಿಧಾನಕ್ಕೆ, ಕೋಲಿನಲ್ಲಿ ತಿರುವುತ್ತಾ. ಹಿಂದುಮುಂದಾದರೆ ಹದ ಬರುವುದಿಲ್ಲ, ಗಷ್ಟು ಬೇಗ ತಳಕ್ಕೆ ಕೂರುತ್ತದೆ. ಅದೇ ತುತ್ತ, ಅದೇ ಸುಣ್ಣ, ಅದೇ ನೀರು. ದೊಡ್ಡಪ್ಪ ಕೂಗಾಡಿದರು. ನಾನು ಹೇಳಿದೆ, ಯಾವುದಕ್ಕೆ ಯಾವುದು ಅಂತ ನೀವು ಎಲ್ಲಿ ಹೇಳಿದಿರಿ? ಮೂವತ್ತು ವರ್ಷದಿಂದ ಮಾಡುವವರಿಗೆ ಅದು ಹೇಳಬೇಕಾದ ಮಾತು ಅಂತಲೇ ಹೊಳೆಯುವುದಿಲ್ಲ. ಆ ಹುಡುಗ ಕೇಳದೇ ಇದ್ದದ್ದೂ ತಪ್ಪೇ ಅನ್ನು. ಕಂಪ್ಯೂಟರಂತೂ ಕೇಳುವುದೂ ಇಲ್ಲ.

ಎರಡನೇ ಡ್ರಮ್ಮು ಸರಿಯಾಗಿ ಕಲಸಿದ ಮೇಲೆ ದೊಡ್ಡಪ್ಪ ಉಜ್ಜಿ ಹೊಳಪು ಮಾಡಿದ ಚಾಕುವನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿದರು. ತೆಗೆದಾಗ ಅಲಗಿಗೆ ತೆಳ್ಳಗೆ ತಾಮ್ರದ ಕೆಂಪು ಹಿಡಿದಿತ್ತು. ಅಂದರೆ ಸುಣ್ಣ ಸಾಲದು. ಇನ್ನೊಂದಿಷ್ಟು ಸುಣ್ಣದ ನೀರು ಹಾಕಿ, ಚಾಕು ಉಜ್ಜಿ, ಮತ್ತೆ ಅದ್ದಿ ನೋಡಿದರು. ಕೆಂಪು ಹಿಡಿಯದೆ ಅಲಗು ಹಾಗೇ ಹೊಳೆದ ಮೇಲೆಯೇ ಪಂಪ್ ಶುರು. ನೀನು ಪ್ರೋಗ್ರಾಂ ಬರೆದಾಗಲೂ ಹೀಗೊಂದು ಚಾಕು ಅದ್ದುವ ಅಭ್ಯಾಸ ಮಾಡಿಕೋ. ಪೂರ್ತಿ ಬರೆದು ಕೊನೆಗೆ ನೋಡಬೇಡ. ಐದಾರು ಸಾಲಿಗೊಮ್ಮೆ ಓಡಿಸು, ಐ ಎಷ್ಟಿದೆ ಅಂತ ಬರೆಯಿಸಿ ನೋಡು. ಓಡಿಸುವ ಮೊದಲು ಏನು ಬರಬೇಕು ಅಂತ ಕಾಗದದ ಮೇಲೆ ಬರೆದಿಟ್ಟುಕೋ. ಇಲ್ಲದಿದ್ದರೆ ಬಂದದ್ದೇ ಸರಿ ಅನ್ನಿಸಿಬಿಡುತ್ತದೆ.

ಒಂದು ನೂರು ಪುಟದ ನೋಟ್ ಪುಸ್ತಕ ತಗೋ. ಅದು ತಪ್ಪುಗಳಿಗೆ ಮಾತ್ರ. ಏನು ಬಂತು, ಏನು ಬರಬೇಕಿತ್ತು, ಯಾಕೆ ಹಾಗಾಯಿತು. ಮೊದಲ ಪುಟಕ್ಕೆ ಆ 77 ಇರಲಿ. 1947ರಲ್ಲಿ ಹಾರ್ವರ್ಡಿನ ಮಾರ್ಕ್ 2 ಕಂಪ್ಯೂಟರಿನ ರಿಲೇಯಲ್ಲಿ, ಅಂದರೆ ಒಂದು ಥರದ ಸ್ವಿಚ್ಚಿನಲ್ಲಿ, ಪತಂಗ ಸಿಕ್ಕಿಕೊಂಡಿತ್ತು ಅಂತ ನೀನೇ ಹೇಳಿದ್ದೆಯಲ್ಲ. ಅವರು ಅದನ್ನು ತೆಗೆದು ಬಿಸಾಡಲಿಲ್ಲ, ಲಾಗ್ ಪುಸ್ತಕದಲ್ಲಿ ಟೇಪ್ ಹಾಕಿ ಅಂಟಿಸಿದರು. ನಮ್ಮ ಮನೆಯ ದೀಪಕ್ಕೆ ಬರುವ ಹಾತೆಗಳನ್ನು ಅಂಟಿಸಲು ಹೊರಟರೆ ಪುಸ್ತಕದ ಅಂಗಡಿಯೇ ಬೇಕಾದೀತು, ಆ ಮಾತು ಬೇರೆ.

ಕ್ಲಾಸಿನಲ್ಲಿ ಅರ್ಧ ಜನ ಪಿಯುನಲ್ಲೇ ಕಂಪ್ಯೂಟರ್ ಇರುವ ಪಿಸಿಎಂಸಿ ತಗೊಂಡಿದ್ದವರು, ನೀನೊಬ್ಬಳೇ ಬಯಾಲಜಿಯ ಪಿಸಿಎಂಬಿ ಅಂತ ಕೊರಗಿದ್ದೀಯ. ಅವರು ಎರಡು ವರ್ಷ ಮೊದಲು ಶುರು ಮಾಡಿದ್ದಾರೆ, ಅಷ್ಟೇ. ಎರರ್ ಇಂಗ್ಲಿಷಿನಲ್ಲಿ ಬರುತ್ತದೆ ಅನ್ನುವುದಕ್ಕೂ ಹೆದರಬೇಡ, ತಿರುಗಾ ಮುರುಗಾ ಅವೇ ಹತ್ತಿಪ್ಪತ್ತು ಮಾತು. ಇಪ್ಪತ್ತಮೂರು ಎರರ್ ಬಂದು ಅತ್ತುಬಿಟ್ಟೆ ಅಂತ ಬರೆದಿದ್ದೀಯ. ಮೊದಲನೆಯದನ್ನು ಮಾತ್ರ ಸರಿಮಾಡಿ ಮತ್ತೆ ಓಡಿಸು. ಮೇಲಿನ ಒಂದು ಸಾಲಿನ ತಪ್ಪಿಗೆ ಕೆಳಗಿನವೂ ಸೇರಿ ಗಲಾಟೆ ಮಾಡುವುದು ಜಾಸ್ತಿ.

ಮೊಬೈಲಿನಲ್ಲಿ ಎಐ ಕೇಳಿದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಬರೆದುಕೊಡುತ್ತದೆ ಅಂದೆ. ಕೇಳಬೇಡ ಅಂದರೆ ನೀನು ಕೇಳದೆ ಇರುವವಳಲ್ಲ, ನಾನೂ ಅಡುಗೆಗೆ ಕೇಳುತ್ತೇನೆ. ಒಂದು ಒಪ್ಪಂದ ಮಾಡಿಕೊಳ್ಳೋಣ. ಮೊದಲು ಅರ್ಧ ಗಂಟೆ ನೀನೇ ಹುಡುಕು. 'ತಪ್ಪು ಇಲ್ಲಿರಬಹುದು' ಅಂತ ಆ ಪುಸ್ತಕದಲ್ಲಿ ಒಂದು ಸಾಲು ಬರೆ. ಆಮೇಲೆ ಕೇಳು. ನಿನ್ನ ಊಹೆ ತಪ್ಪಾದರೂ ಪರವಾಗಿಲ್ಲ, ಯಾಕೆ ತಪ್ಪಾಯಿತು ಅಂತ ಎರಡನೇ ಸಾಲು ಸಿಗುತ್ತದೆ. ಮತ್ತೆ ಆ ಮೇಷ್ಟ್ರ ಹತ್ತಿರ ಹೋಗಿ, ಅವತ್ತಿನ ಉತ್ತರ ಹನ್ನೊಂದು ಸಾರ್ ಅಂತ ಹೇಳಿ ಬಾ. ಮಾರ್ಕ್ಸ್ ಕೊಡದಿದ್ದರೂ ಹೇಳು.

ನಾಡಿದ್ದು ದೊಡ್ಡಪ್ಪ ಮಂಡಿ ಕೆಲಸಕ್ಕೆ ಶಿವಮೊಗ್ಗಕ್ಕೆ ಬರುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿ, ಕೋಡುಬಳೆ, ಸ್ವಲ್ಪ ತೊಡೆದೇವು ಕಳಿಸುತ್ತಿದ್ದೇನೆ. ಮಂಡಗದ್ದೆ ದಾಟುವಷ್ಟರಲ್ಲಿ ತೊಡೆದೇವು ಪುಡಿಯಾಗಿರುತ್ತದೆ, ಹಾಲಿಗೆ ಹಾಕಿಕೊಂಡು ತಿನ್ನು. ಹಳೆಯ ಡಬ್ಬಗಳನ್ನು ಅವರ ಕೈಲಿ ವಾಪಸ್ ಕಳಿಸು. ಒಟ್ಟು ಮೂರಿವೆ. ಒಂದರಿಂದ ಎಣಿಸು, ನಿನ್ನ ಕ್ಲಾಸಿನ ಹಾಗೆ ಸೊನ್ನೆಯಿಂದಲ್ಲ.

ಇಂತಿ ನಿನ್ನ
ದೊಡ್ಡಮ್ಮ